ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದು ಹೇಗೆ: ಹಳೇ ಗಾಡಿ ಇಟ್ಟುಕೊಂಡವರಿಗೆ ಸಮಗ್ರ ಮಾರ್ಗದರ್ಶಿ

ಹಳೇ ಗಾಡಿ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಸೈಲೆನ್ಸರ್ ಬದಲಿಸಬೇಕು, ಇರುವುದು ಎರಡೇ ನಟ್. ಸ್ಪ್ಯಾನರ್ ಹಾಕಿದರೆ ಅಲ್ಲಾಡುವುದಿಲ್ಲ. ಸಿಟ್ಟಿನಿಂದ ಇನ್ನಷ್ಟು ಬಲ ಹಾಕಿದರೆ ಒಂದೋ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಇಲ್ಲವೇ ಸ್ಟಡ್ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ಕಟ್ ಆಗಿ ಅರ್ಧ ಕೈಗೆ ಬರುತ್ತದೆ, ಇನ್ನರ್ಧ ಇಂಜಿನ್ ಹೆಡ್ಡಿನಲ್ಲೇ ಉಳಿಯುತ್ತದೆ. ಚಿಲ್ಲರೆ ಕಾಸಿನ ನಟ್ಟಿಗಾಗಿ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಹೊರುವ ಪರಿಸ್ಥಿತಿ ಬರುತ್ತದೆ.

ನಾನು ಇಲ್ಲಿ ಹೇಳುವುದೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿದೆ. ಬೋಲ್ಟ್ ಹೋದರೆ ಹೋಗಲಿ, ಅದು ಕೂತಿರುವ ತೂತು ಉಳಿಯಬೇಕು. ಬೋಲ್ಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆರ್‌ಎಕ್ಸ್ 100 ಬೈಕಿನ ಸಿಲಿಂಡರ್, ಯೆಜ್ಡಿ ಬೈಕಿನ ಕ್ರ್ಯಾಂಕ್ ಕೇಸ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಯಾವ ಉಪಾಯ ಮೊದಲು, ಯಾವುದು ಕೊನೆಗೆ ಅನ್ನುವುದು ಇದರಿಂದಲೇ ತೀರ್ಮಾನವಾಗುತ್ತದೆ. ತೂತಿಗೆ ಏನೂ ಆಗದ ಉಪಾಯಗಳು ಮೊದಲು. ತೂತಿಗೆ ಅಪಾಯ ಇರುವಂಥವು ಕೊನೆಗೆ.

ನಮ್ಮ ಕಡೆ ತುಕ್ಕು ಎಲ್ಲಿಂದ ಬರುತ್ತದೆ

ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಒಣ ಹವೆ. ಅಲ್ಲಿನ ಗಾಡಿಗಳಲ್ಲಿ ಧೂಳು ಜಾಸ್ತಿ, ತುಕ್ಕು ಕಮ್ಮಿ. ಬಿಸಿಲಿಗೆ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಬೋಲ್ಟ್ ಮಾತ್ರ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ. ಹರಿಹರ, ಮಲೇಬೆನ್ನೂರು ಕಡೆಯ ಭದ್ರಾ ನಾಲೆಯ ಭತ್ತದ ಸೀಮೆಗೆ ಬಂದರೆ ಕಥೆಯೇ ಬೇರೆ. ಟ್ರ್ಯಾಕ್ಟರ್ ಕೆಸರು ಗದ್ದೆಯಲ್ಲಿ ದಿನಗಟ್ಟಲೆ ಓಡುತ್ತದೆ. ಬೈಕಿನ ಹಿಂದಿನ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ ಹೋಗುತ್ತದೆ. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಚೀಲದಿಂದ ಉದುರಿದ ಪುಡಿ ಮಳೆ ನೀರಿನಲ್ಲಿ ಕರಗಿ ಬೋಲ್ಟಿನ ಸಂದಿಗೆ ಇಳಿದರೆ ಸಮುದ್ರದ ಗಾಳಿ ಮಾಡುವ ಕೆಲಸವನ್ನೇ ಮಾಡುತ್ತದೆ. ಹಳೇ ಬೈಕಿನ ಕ್ಯಾರಿಯರ್ ಬೋಲ್ಟ್, ಹಿಂದಿನ ಶಾಕ್ ಅಬ್ಸಾರ್ಬರ್ ನಟ್, ಮಡ್‌ಗಾರ್ಡ್ ಸ್ಕ್ರೂ ಇವೆಲ್ಲ ಕೆಂಪಾಗಿದ್ದರೆ ಅದಕ್ಕೆ ಇದೇ ಕಾರಣ ಇರಬಹುದು.

ಸೆಕೆಂಡ್ ಹ್ಯಾಂಡ್ ಗಾಡಿ ತಂದವರು ನಂಬರ್ ಪ್ಲೇಟ್ ನೋಡಿ. ಕೆಎ 16 ಚಿತ್ರದುರ್ಗ, ಕೆಎ 17 ದಾವಣಗೆರೆ. ಕೆಎ 19 ಮಂಗಳೂರು, ಕೆಎ 20 ಉಡುಪಿ ಆಗಿದ್ದರೆ ಗಾಡಿ ಕರಾವಳಿಯಲ್ಲಿ ಬಾಳಿರುವ ಸಾಧ್ಯತೆ ಇದೆ. ಅಂಥ ಗಾಡಿಯ ಅಡಿಭಾಗದ ಒಂದೊಂದು ಬೋಲ್ಟನ್ನೂ ಜಾಮ್ ಆಗಿದೆ ಅಂತಲೇ ಲೆಕ್ಕ ಹಾಕಿ ಕೆಲಸ ಶುರು ಮಾಡಿ.

ಬೋಲ್ಟ್ ಜಾಮ್ ಆಗುವುದು ಯಾಕೆ? ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಬೋಲ್ಟಿನ ಥ್ರೆಡ್ಡಿಗೂ (ಸುರುಳಿ ಗೀರು) ನಟ್ಟಿನ ಥ್ರೆಡ್ಡಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಆ ಜಾಗದಲ್ಲಿ ತುಕ್ಕು ಬೆಳೆದು ಒತ್ತಿ ಕೂತುಬಿಡುತ್ತದೆ. ಅಲ್ಯುಮಿನಿಯಂ ಇಂಜಿನ್ನಿನಲ್ಲಿ ಕಬ್ಬಿಣದ ಬೋಲ್ಟ್ ಇದ್ದರೆ ಇನ್ನೊಂದು ತೊಂದರೆಯೂ ಇದೆ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಯುಮಿನಿಯಂ ನಿಧಾನಕ್ಕೆ ಕರಗಿ ಬಿಳಿ ಪುಡಿಯಾಗುತ್ತದೆ. ಕೆಂಪು ತುಕ್ಕು ಕಣ್ಣಿಗೆ ಕಾಣುತ್ತದೆ, ಎಚ್ಚರ ಆಗುತ್ತೇವೆ. ಬಿಳಿ ಪುಡಿಯ ಬೋಲ್ಟ್ ಹೊರಗಿನಿಂದ ಹೊಸದರಂತೆ ಇರುತ್ತದೆ. ಕಟ್ ಆಗುವುದು ಹೆಚ್ಚಾಗಿ ಇದೇ.

ಸ್ಪ್ಯಾನರ್ ಮುಟ್ಟುವ ಮೊದಲು

ಮೂರು ವಿಷಯ ನೋಡಿಕೊಳ್ಳಿ. ಬೋಲ್ಟ್ ಯಾವುದರೊಳಗೆ ಹೋಗಿದೆ? ಎಷ್ಟು ದಪ್ಪ ಇದೆ? ಕಟ್ ಆದರೆ ಏನು ಗತಿ?

ಆರ್ ಪಾರ್ ಹೋಗಿ ಹಿಂದೆ ನಟ್ ಇರುವ ಬೋಲ್ಟ್ ಆದರೆ ಚಿಂತೆ ಬೇಡ. ಮುರಿದರೂ ಕತ್ತರಿಸಿದರೂ ಹೊಸದು ಹಾಕಿದರೆ ಆಯಿತು. ಚಾಸಿಗೆ ಬೆಸುಗೆ ಹಾಕಿದ ನಟ್ಟಿನೊಳಗೆ ಹೋಗಿದ್ದರೆ ಸ್ವಲ್ಪ ಜೋಪಾನ. ಇಂಜಿನ್ ಹೆಡ್, ಸಿಲಿಂಡರ್, ಗೇರ್ ಬಾಕ್ಸ್ ಕೇಸ್ ಒಳಗೆ ಹೋಗಿದ್ದರೆ ಅವತ್ತಿನ ಕೆಲಸವನ್ನೆಲ್ಲ ಅದರ ವೇಗಕ್ಕೆ ಹೊಂದಿಸಿಕೊಳ್ಳಬೇಕು.

ದಪ್ಪದ ಲೆಕ್ಕವನ್ನು ಕೈ ಮರೆಯುತ್ತದೆ. 10ರ ಸ್ಪ್ಯಾನರ್ ಹಿಡಿಯುವ ಬೋಲ್ಟ್ ಸಾಮಾನ್ಯವಾಗಿ 6 ಮಿಲಿಮೀಟರಿನದು. ಅದಕ್ಕೆ ಸರಿಯಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). 15 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಏಳು ಕಿಲೋ ತೂಕ ನೇತು ಹಾಕಿದಷ್ಟು, ಅಷ್ಟೇ. ಅದರ ಎರಡರಷ್ಟು ಬಲ ಬಿದ್ದರೆ ಕಟ್ ಆಗುವ ಗಡಿ ಹತ್ತಿರ ಬಂತು ಅಂತ ಅರ್ಥ. ತುಕ್ಕು ತಿಂದು ಸಣಕಲಾದ ಸ್ಟಡ್ ಆದರೆ ಅದಕ್ಕೂ ಮೊದಲೇ. 12 ಇಲ್ಲವೇ 13ರ ಸ್ಪ್ಯಾನರಿನ 8 ಮಿಲಿಮೀಟರ್ ಬೋಲ್ಟ್ ಸುಮಾರು 25 ನ್ಯೂಟನ್ ಮೀಟರ್ ಬಿಗಿಯದು. 10 ಮಿಲಿಮೀಟರಿನದಕ್ಕೆ ಅದರ ಎರಡರಷ್ಟು. ಹಾಗಾಗಿ ಪೈಪ್ ತೂರಿಸಿ ಎಳೆಯುವ ಆಟ ದಪ್ಪ ಬೋಲ್ಟಿಗೆ ಮಾತ್ರ. 6 ಮಿಲಿಮೀಟರಿನದಕ್ಕೆ ಪೈಪ್ ಹಾಕುವವರನ್ನು ಗಾಡಿ ಹತ್ತಿರ ಬಿಡಬೇಡಿ.

ಗಾಡಿ ಅಡಿಗೆ ಮಲಗಿ ಕೆಲಸ ಮಾಡುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಇಟ್ಟಿಗೆ ಕಲ್ಲು ಬೇಡವೇ ಬೇಡ. ಜಾಕ್ ಸ್ಟ್ಯಾಂಡ್ ಇಡಿ. ಜಾಮ್ ಆದ ಬೋಲ್ಟ್ ಎಳೆಯುವಾಗ ಇಡೀ ಗಾಡಿ ಅಲುಗಾಡುತ್ತದೆ. ಕನ್ನಡಕ ಹಾಕಿಕೊಳ್ಳಿ, ತುಕ್ಕಿನ ಚೂರು ನೇರ ಕಣ್ಣಿಗೇ ಬೀಳುತ್ತದೆ. ಕೈಗೆ ದಪ್ಪ ಗ್ಲೌಸ್ ಇರಲಿ. ತುಕ್ಕು ಕಬ್ಬಿಣ ತರಚಿ ರಕ್ತ ಬಂದು, ಟಿಟಿ ಇಂಜೆಕ್ಷನ್ ಹಾಕಿಸಿ ವರ್ಷಗಳಾಗಿದ್ದರೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ.

ಯಾವ ಕಡೆ ತಿರುಗಿಸಬೇಕು ಅನ್ನುವುದನ್ನೂ ಒಮ್ಮೆ ಯೋಚಿಸಿ. ಎಡಕ್ಕೆ ಲೂಸ್, ಬಲಕ್ಕೆ ಟೈಟ್ ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ. ಹಳೇ ಕೆಲವು ಜೀಪುಗಳ ಎಡಗಡೆ ಚಕ್ರದ ನಟ್‌ಗಳು ಉಲ್ಟಾ ಥ್ರೆಡ್ಡಿನವು. ಕೆಲವು ಬೈಕುಗಳ ಬಲಗಡೆ ಕನ್ನಡಿಯೂ ಹಾಗೆಯೇ. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡಿ ಕಟ್ ಮಾಡಿದರೆ ಯಾರನ್ನು ಬೈಯುವುದು?

ಸರಿಯಾದ ಸ್ಪ್ಯಾನರ್

ಫಿಕ್ಸ್ ಸ್ಪ್ಯಾನರ್, ಅಂದರೆ ಬಾಯಿ ತೆರೆದ ಸ್ಪ್ಯಾನರ್, ಬೋಲ್ಟಿನ ಎರಡು ಮೂಲೆಗಳನ್ನು ಮಾತ್ರ ಹಿಡಿಯುತ್ತದೆ. ಜಾಮ್ ಆದ ಬೋಲ್ಟಿಗೆ ಅದನ್ನು ಹಾಕಲೇಬೇಡಿ. ಆರು ಮೂಲೆಯ ಸಾಕೆಟ್ ಎಲ್ಲಕ್ಕಿಂತ ಒಳ್ಳೆಯದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರಿಂಗ್ ಸ್ಪ್ಯಾನರಿಗೆ ಹನ್ನೆರಡು ಮೂಲೆ ಇರುತ್ತದೆ, ಅದು ಎರಡನೇ ಆಯ್ಕೆ. ಸಾಕೆಟ್ ಹಾಕುವ ಮೊದಲು ಬೋಲ್ಟಿನ ತಲೆಯನ್ನು ವೈರ್ ಬ್ರಷ್ಷಿನಿಂದ ಉಜ್ಜಿ. ಮಣ್ಣು, ಪೇಂಟ್ ಪದರ ಇದ್ದರೆ ಸಾಕೆಟ್ ಪೂರ್ತಿ ಕೂರುವುದಿಲ್ಲ, ಜಾರುತ್ತದೆ.

ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಅದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮೇಲೆ ಬಂದ ಗಾಡಿ, ಅದರಲ್ಲಿ ಇಂಚಿನ ಬೋಲ್ಟ್‌ಗಳಿವೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತ ಹಾಗೆ ಕಾಣುತ್ತದೆ, ಬಲ ಬಿದ್ದ ತಕ್ಷಣ ಮೂಲೆ ಸವೆಸುತ್ತದೆ. ಹಳೇ ಬುಲೆಟ್‌ಗಳಲ್ಲೂ ಇದೇ ಗೋಳು. ಇಂಚಿನ ಸಾಕೆಟ್ ಸೆಟ್ ಒಂದನ್ನು ತೆಗೆದಿಟ್ಟುಕೊಳ್ಳುವುದು ದುಂದು ಅಲ್ಲ.

ಜಪಾನ್ ವಿನ್ಯಾಸದ ಬೈಕುಗಳ, ಅಂದರೆ ಆರ್‌ಎಕ್ಸ್ 100, ಸಿಡಿ 100 ಇಂಥವುಗಳ ಇಂಜಿನ್ ಕವರಿನ ಪ್ಲಸ್ ಸ್ಕ್ರೂಗಳು ಮಾಮೂಲಿ ಫಿಲಿಪ್ಸ್ ಜಾತಿಯವಲ್ಲ. ಅವು ಜೆಐಎಸ್, ಅಂದರೆ ಜಪಾನಿನ ಮಾನದಂಡದ ಅಳತೆಯವು. ತಲೆ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದೇ ಗುರುತು. ಮಾಮೂಲಿ ಸ್ಕ್ರೂಡ್ರೈವರ್ ಅಲ್ಲಿ ತಳ ಮುಟ್ಟುವುದಿಲ್ಲ, ಮೇಲಕ್ಕೆ ಜಾರಿ ಪ್ಲಸ್ ಗುರುತನ್ನೇ ಅಳಿಸಿಬಿಡುತ್ತದೆ. ಇದಕ್ಕೆ ಇಂಪ್ಯಾಕ್ಟ್ ಡ್ರೈವರ್ ಬೇಕು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಒತ್ತುತ್ತಲೇ ತಿರುಗಿಸುವ ಉಪಕರಣ. ಬೆಲೆಯೂ ಜಾಸ್ತಿ ಇಲ್ಲ, ಹಳೇ ಬೈಕ್ ಇರುವ ಮನೆಯಲ್ಲಿ ಇರಲೇಬೇಕು.

ಎಣ್ಣೆ ಹಾಕಿ ಕಾಯುವುದು

ಎಲ್ಲರೂ ಎಣ್ಣೆ ಹಾಕುತ್ತಾರೆ. ಯಾರೂ ಕಾಯುವುದಿಲ್ಲ. ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಎಣ್ಣೆ ಬೋಲ್ಟಿನ ತಲೆಯ ಮೇಲೆ ಮಾತ್ರ ಇರುತ್ತದೆ, ಥ್ರೆಡ್ಡಿಗೆ ಇಳಿದಿರುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ವೈರ್ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉದುರಿಸಿ. ನಟ್ಟಿನ ಆಚೆಗೆ ಚಾಚಿಕೊಂಡಿರುವ ಥ್ರೆಡ್ಡನ್ನು ವಿಶೇಷವಾಗಿ ಉಜ್ಜಿ, ಯಾಕೆಂದರೆ ನಟ್ ಹೊರಗೆ ಬರಬೇಕಾದ ದಾರಿ ಅದೇ. ಅಲ್ಲಿ ತುಕ್ಕು ಉಳಿದಿದ್ದರೆ ಅರ್ಧ ಬಿಚ್ಚಿದ ನಟ್ ಮತ್ತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಣ್ಣೆ ಬಿಡಿ. ನಟ್ ಇದ್ದರೆ ಅದರ ಎರಡೂ ಕಡೆ, ಇಂಜಿನ್ನಿನೊಳಗೆ ಹೋದ ಬೋಲ್ಟ್ ಆದರೆ ತಲೆಯ ಅಡಿಯ ಸಂದಿಗೆ. ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ಟಕ ಟಕ ಅಂತ ಹಗುರಾಗಿ ತಟ್ಟಿ. ಆ ನಡುಕಕ್ಕೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ. ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ. ತೀರಾ ಹಠಮಾರಿ ಆದರೆ ಎರಡು ಮೂರು ದಿನ ಹೀಗೇ.

ಯಾವ ಎಣ್ಣೆ? ಡಬ್ಲ್ಯೂಡಿ-40 ಎಲ್ಲರಿಗೂ ಗೊತ್ತು. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದು ನೀರನ್ನು ಹೊರದೂಡಿ ತುಕ್ಕು ತಡೆಯಲಿಕ್ಕೆ. ಸಣ್ಣಪುಟ್ಟ ಬೋಲ್ಟಿಗೆ ಅದು ಸಾಕು. ಹಠಮಾರಿ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಬರೆದ ಡಬ್ಬ ಕೇಳಿ ತನ್ನಿ. ಗ್ಯಾರೇಜುಗಳಲ್ಲಿ ಡೀಸೆಲ್ ಹಾಕಿ ನೆನೆಸುತ್ತಾರೆ. ಅದು ನಿಧಾನ, ಆದರೆ ಕೆಲಸ ಮಾಡುತ್ತದೆ. ಬಿಚ್ಚಿದ ಭಾಗಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿಡಲು ಡೀಸೆಲ್ಲೇ ಸರಿ. ಅಸಿಟೋನ್ ಮತ್ತು ಕಾರಿನ ಆಟೋಮ್ಯಾಟಿಕ್ ಗೇರ್ ಆಯಿಲ್ ಎರಡನ್ನೂ ಸಮ ಸೇರಿಸಿದ ಮಿಶ್ರಣ ಬಹಳ ತೆಳುವಾಗಿ ಇಳಿಯುತ್ತದೆ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಪೇಂಟ್ ಮತ್ತು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಬೆಂಕಿ ಬಹಳ ಬೇಗ ಹತ್ತುತ್ತದೆ. ಬೀಡಿ ಸಿಗರೇಟು ದೂರ.

ಅಡುಗೆ ಎಣ್ಣೆ ಮಾತ್ರ ಬೇಡ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು, ಎಣ್ಣೆ ಮನೆಯಲ್ಲೇ ಇದೆ ಅಂತ ಹಾಕುವವರು ಇದ್ದಾರೆ. ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ. ದಿನ ಕಳೆದಂತೆ ಒಣಗಿ ಅಂಟಾಗುತ್ತದೆ.

ಕೈಗೆ ತಿಳಿಯುವ ಭಾಷೆ

ಈಗ ಸಾಕೆಟ್ ಹಾಕಿ. ಮೊದಲ ಸಲ ಬಿಚ್ಚುವ ಕಡೆಗೆ ಬೇಡ, ಬಿಗಿ ಮಾಡುವ ಕಡೆಗೆ ಒಂಚೂರು ಒತ್ತಿ. ಒಂದು ಕೂದಲೆಳೆ ಸರಿದರೂ ತುಕ್ಕಿನ ಹಿಡಿತ ಒಡೆಯುತ್ತದೆ. ಆಮೇಲೆ ಬಿಚ್ಚುವ ಕಡೆಗೆ, ಎಳೆತ ನಿಧಾನಕ್ಕೆ ಏರಲಿ.

ಬಿಚ್ಚಿಕೊಳ್ಳುವ ಬೋಲ್ಟ್ ಸದ್ದು ಮಾಡುತ್ತದೆ. ಟಕ್ ಅನ್ನುತ್ತದೆ, ಇಲ್ಲವೇ ಕಿರ್ ಅಂತ ಕಿರುಗುಟ್ಟುತ್ತದೆ. ಆ ಸದ್ದಿನ ನಂತರ ಬಲ ಕಮ್ಮಿ ಸಾಕಾಗುತ್ತದೆ. ಕಟ್ ಆಗಲಿರುವ ಬೋಲ್ಟ್ ಬೇರೆ. ಸದ್ದೇ ಇಲ್ಲದೆ ಮೆತ್ತಗೆ ತಿರುಗುತ್ತದೆ, ರಬ್ಬರ್ ತಿರುಚಿದ ಹಾಗೆ. ಸ್ಪ್ಯಾನರ್ ಬಿಟ್ಟರೆ ಸ್ವಲ್ಪ ವಾಪಸ್ ಬರುತ್ತದೆ. ಇದು ಕೈಗೆ ಸಿಕ್ಕ ಕ್ಷಣ ನಿಲ್ಲಿಸಿ. ಬೋಲ್ಟ್ ಒಳಗೆ ಅಂಟಿಕೊಂಡೇ ಇದೆ, ಮೇಲ್ಭಾಗ ಮಾತ್ರ ತಿರುಚುತ್ತಿದೆ.

ಕೈಗೆ ಇನ್ನೂ ಈ ಅಂದಾಜು ಕೂರದವರಿಗೆ ಸುಲಭದ ಉಪಾಯ ಇದೆ. ನಟ್ಟಿನ ಮೇಲಿಂದ ಸ್ಟಡ್ಡಿನ ತುದಿಗೆ ಅಡ್ಡಲಾಗಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಸ್ಪ್ಯಾನರ್ ತಿರುಗಿಸಿ ನೋಡಿ. ನಟ್ಟಿನ ಗೆರೆ ಮಾತ್ರ ಸರಿದರೆ ನಟ್ ಬಿಚ್ಚುತ್ತಿದೆ. ಎರಡೂ ಒಟ್ಟಿಗೆ ಸರಿದು, ಬಿಟ್ಟಾಗ ಅಲ್ಲೇ ನಿಂತರೆ ಸ್ಟಡ್ ಸಮೇತ ಹೊರಗೆ ಬರುತ್ತಿರಬಹುದು, ಅದು ಒಳ್ಳೆಯದೇ. ಎರಡೂ ಒಟ್ಟಿಗೆ ಸರಿದು ಬಿಟ್ಟಾಗ ಹಿಂದಕ್ಕೆ ಬಂದರೆ ಸ್ಟಡ್ ತಿರುಚುತ್ತಿದೆ. ಎಣ್ಣೆ ಡಬ್ಬ ಮತ್ತೆ ಕೈಗೆ ತೆಗೆದುಕೊಳ್ಳಿ.

ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಕೇಳಿದ ಮಾತು ಇದು. ಕೆಲಸ ಕಲಿಯುವ ಹುಡುಗ ಹಳೇ ಬೈಕಿನ ಸೈಲೆನ್ಸರ್ ನಟ್ ಹಿಡಿದು, "ಅಣ್ಣಾ, ಇನ್ನೊಂಚೂರು ಒತ್ಲಾ? ಬರೋ ಹಂಗೈತಿ" ಅಂದ. ಮೇಸ್ತ್ರಿ ತಲೆ ಎತ್ತಿಯೂ ನೋಡಲಿಲ್ಲ. "ಬ್ಯಾಡ, ಬಿಡಪ್ಪಾ. ಸದ್ದು ಬಂತಾ? ಬಂದಿಲ್ಲ ಅಲ್ವಾ? ರಾತ್ರಿ ನೆನೀಲಿ, ಬೆಳಿಗ್ಗೆ ನೋಡಾನ." ಗಾಡಿ ಇವತ್ತೇ ಬೇಕು ಅಂತ ಪಟ್ಟು ಹಿಡಿಯುವ ಗಿರಾಕಿಗಳಿಂದಲೇ ಅರ್ಧಕ್ಕರ್ಧ ಸ್ಟಡ್‌ಗಳು ಮುರಿಯುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ನಟ್ ಒಮ್ಮೆ ಸರಿಯಿತು ಅಂದರೆ ಒಂದೇ ಉಸಿರಿಗೆ ಬಿಚ್ಚಬೇಡಿ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಬಿಡಿ. ಮತ್ತೆ ಕಾಲು ಸುತ್ತು. ಕೆಂಪು ಪುಡಿ ಎಣ್ಣೆಯಲ್ಲಿ ಕೆಸರಾಗಿ ಹೊರಗೆ ಬರುತ್ತದೆ, ಬಟ್ಟೆಯಲ್ಲಿ ಒರೆಸಿ. ಒಂದೇ ಸಮ ಬಿಚ್ಚಿದರೆ ಆ ಪುಡಿ ಥ್ರೆಡ್ಡಿನಲ್ಲಿ ಗುಡ್ಡೆಯಾಗಿ ಮತ್ತೆ ಜಾಮ್ ಆಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಬೋಲ್ಟಿನ ತಲೆ ಮೇಲೆ ಹಿತ್ತಾಳೆ ಸಲಾಕೆ ಇಟ್ಟು ನೇರವಾಗಿ ಕೆಲವು ಏಟು ಹಾಕಿ. ಅಡ್ಡ ಏಟು ಬೇಡ. ಕಬ್ಬಿಣದ ಭಾಗಕ್ಕೆ ಗಟ್ಟಿ ಏಟು, ಅಲ್ಯುಮಿನಿಯಂ ಕೇಸಿಗೆ ಹಗುರ ಏಟು. ಚಕ್ರದ ನಟ್, ಸಸ್ಪೆನ್ಷನ್ ಬೋಲ್ಟಿನಂಥ ದಪ್ಪದವಕ್ಕೆ ಇಂಪ್ಯಾಕ್ಟ್ ಗನ್ ಬಹಳ ಒಳ್ಳೆಯದು. ಒಂದೇ ಸಮ ಎಳೆಯುವ ಬದಲು ಚಿಕ್ಕ ಚಿಕ್ಕ ಏಟುಗಳಲ್ಲಿ ತಿರುಗಿಸುವುದರಿಂದ ತುಕ್ಕು ಒಡೆಯುತ್ತದೆ. 6 ಮಿಲಿಮೀಟರ್ ಬೋಲ್ಟಿಗೆ ಅದನ್ನು ಮುಟ್ಟಿಸಬೇಡಿ.

ಕಾಯಿಸುವುದು

ನನ್ನ ಲೆಕ್ಕದಲ್ಲಿ ಎಣ್ಣೆಗಿಂತ ಬೆಂಕಿ ಶಕ್ತಿಶಾಲಿ, ಅಪಾಯವೂ ಅಷ್ಟೇ ಜಾಸ್ತಿ.

ಕಬ್ಬಿಣದ ನಟ್ಟನ್ನು ಕಾಯಿಸಿದರೆ ಅದು ಹಿಗ್ಗುತ್ತದೆ, ಒಳಗಿನ ತೂತೂ ದೊಡ್ಡದಾಗುತ್ತದೆ. 10 ಮಿಲಿಮೀಟರಿನ ನಟ್ಟನ್ನು 200 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ದೊಡ್ಡದಾಗುವುದು ಸುಮಾರು 0.02 ಮಿಲಿಮೀಟರ್ ಮಾತ್ರ. ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕು. ಆದ್ದರಿಂದ ಜ್ವಾಲೆ ಹಿಡಿಯಬೇಕಾದ್ದು ನಟ್ಟಿಗೆ, ಬೋಲ್ಟಿಗೆ ಅಲ್ಲ. ಬೇಗ ಕಾಯಿಸಿ ಬೇಗ ತಿರುಗಿಸಿ. ನಿಧಾನಕ್ಕೆ ಕಾಯಿಸಿದರೆ ಬೋಲ್ಟೂ ಕಾದು ಹಿಗ್ಗಿ ಲಾಭ ಇಲ್ಲವಾಗುತ್ತದೆ. ಮೊದಲ ಸಲ ಬಿಚ್ಚದಿದ್ದರೆ ತಣ್ಣಗಾಗಲು ಬಿಟ್ಟು ಮತ್ತೆ ಕಾಯಿಸಿ. ಹಿಗ್ಗಿ ಕುಗ್ಗಿ ಮಾಡುವಾಗಲೇ ತುಕ್ಕು ಪುಡಿಯಾಗುತ್ತದೆ.

ಬಿಸಿ ಇರುವಾಗಲೇ ಮೇಣದ ಬತ್ತಿಯನ್ನು ಥ್ರೆಡ್ಡಿನ ಸಂದಿಗೆ ಮುಟ್ಟಿಸಿ. ಜ್ವಾಲೆ ತೆಗೆದು, ಒಂದು ಕ್ಷಣ ಬಿಟ್ಟು ಮುಟ್ಟಿಸಬೇಕು. ಮೇಣ ಕರಗಿ ಒಳಗೆ ಓಡುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ತಿರುಗಿಸಿ ನೋಡಿ. ಸೈಲೆನ್ಸರ್ ಸ್ಟಡ್‌ಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಅಲ್ಯುಮಿನಿಯಂ ಒಳಗಿನ ಬೋಲ್ಟಿಗೆ ಲೆಕ್ಕ ಬೇರೆ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬೋಲ್ಟಿನ ಸುತ್ತಲಿನ ಕೇಸನ್ನು ಹೀಟ್ ಗನ್ನಿನಿಂದ ಹದವಾಗಿ ಕಾಯಿಸಿದರೆ ಸಾಕು. ನೀರಿನ ಹನಿ ಹಾಕಿದರೆ ಚುರ್ ಅಂತ ಆರಿಹೋಗುವಷ್ಟು ಬಿಸಿ. ಗ್ಯಾಸ್ ವೆಲ್ಡಿಂಗ್ ಜ್ವಾಲೆ ಇಲ್ಲಿ ಬೇಡ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇಂಜಿನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ. ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನೋಡನೋಡುತ್ತಲೇ ಕುಸಿಯುತ್ತದೆ.

ಬೆಂಕಿ ಹಚ್ಚುವ ಮುನ್ನ ಪೆಟ್ರೋಲ್ ಟ್ಯಾಂಕ್ ಮತ್ತು ಬ್ಯಾಟರಿ ಇಳಿಸಿ ದೂರ ಇಡಿ. ಹಿಂದಿನ ದಿನ ಹಾಕಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ. ಅಸಿಟೋನ್ ಮಿಶ್ರಣ ಹಾಕಿದ್ದರೆ ಪೂರ್ತಿ ಆರುವ ತನಕ ಬೆಂಕಿಯ ಮಾತೇ ಬೇಡ. ಬ್ರೇಕ್ ಪೈಪ್, ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್ ಹತ್ತಿರ ಜ್ವಾಲೆ ಒಯ್ಯಬೇಡಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಕಾದರೆ ಸಿಡಿಯಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗ ಕಾದರೆ ವಿಷಗಾಳಿ ಹುಟ್ಟುತ್ತದೆ, ಇದು ಪ್ರಾಣಕ್ಕೇ ಕುತ್ತು. ಒಂದು ಬಕೆಟ್ ಮರಳು, ಒದ್ದೆ ಗೋಣಿಚೀಲ ಪಕ್ಕದಲ್ಲೇ ಇರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ, ಅಂಗಳದಲ್ಲಿ ಮಾಡಿ.

ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್ ಬೋಲ್ಟ್‌ಗಳನ್ನು ಕೆಂಪಗೆ ಕಾಯಿಸಿ ಬಿಚ್ಚಿದರೆ ಅವನ್ನು ಮತ್ತೆ ಹಾಕುವಂತಿಲ್ಲ. ಅವುಗಳ ಹದ ಹೋಗಿರುತ್ತದೆ. ತಲೆ ಮೇಲೆ 8.8 ಅಥವಾ 10.9 ಅಂತ ಬರೆದಿರುವುದು ಬೋಲ್ಟಿನ ಶಕ್ತಿಯ ಗುರುತು. ಹೊಸದು ತರುವಾಗ ಅದೇ ನಂಬರ್ ಕೇಳಿ ತನ್ನಿ. ನಂಬರ್ ಇಲ್ಲದ ಬೋಲ್ಟನ್ನು ಬ್ರೇಕಿಗೆ ಹಾಕಬೇಡಿ.

ತಲೆ ಸವೆದು ಗುಂಡಗಾದರೆ

ಗಾಬರಿ ಬೇಡ, ದಾರಿಗಳಿವೆ. ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ ನೋಡಿ. 13ರ ತಲೆಗೆ 12ರ ಸಾಕೆಟ್, ಇಲ್ಲವೇ ಹತ್ತಿರದ ಇಂಚಿನ ಅಳತೆ. ಇದಕ್ಕೆ ಹಳೇ ಸಾಕೆಟ್ ಬಳಸಿ. ಜಾಗ ಇದ್ದರೆ ಅರದಿಂದ ತಲೆಯ ಎರಡು ಎದುರು ಬದಿ ಚಪ್ಪಟೆ ಮಾಡಿ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಹಿಡಿಸಿ. ಅದೂ ಆಗದಿದ್ದರೆ ಉಳಿ. ತಲೆಯ ಅಂಚಿನಲ್ಲಿ ಮೊದಲು ನೇರ ಏಟಿಗೆ ಒಂದು ಕಚ್ಚು ಮಾಡಿ, ಆಮೇಲೆ ಉಳಿಯನ್ನು ಓರೆ ಹಿಡಿದು ಬಿಚ್ಚುವ ದಿಕ್ಕಿಗೆ ಹೊಡೆಯಿರಿ. ಹಳೇ ಪದ್ಧತಿ, ಇಂದಿಗೂ ನಡೆಯುತ್ತದೆ.

ಆರ್ ಪಾರ್ ಬೋಲ್ಟ್ ಆದರೆ ಇಷ್ಟೆಲ್ಲ ಸರ್ಕಸ್ ಯಾಕೆ? ಗ್ರೈಂಡರ್ ತೆಗೆದುಕೊಂಡು ಕತ್ತರಿಸಿ ಬಿಸಾಕಿ. ಜೀಪಿನ ಕಮಾನ್ ಪಟ್ಟಿಯ ಯು ಬೋಲ್ಟ್‌ಗಳ ಜೊತೆ ಗುದ್ದಾಡಿ ಅರ್ಧ ದಿನ ಕಳೆಯುವವರನ್ನು ನೋಡಿದ್ದೇನೆ. ಅವು ಹೇಗೂ ಹೊಸದು ಹಾಕಬೇಕಾದ ವಸ್ತು. ಗ್ರೈಂಡರಿನ ಗಾರ್ಡ್ ತೆಗೆಯಬೇಡಿ, ಕಿಡಿ ಟ್ಯಾಂಕಿನ ಕಡೆ ಹಾರದಂತೆ ನಿಂತುಕೊಳ್ಳಿ.

ಕಟ್ ಆಗಿಯೇ ಹೋದರೆ

ತುದಿ ಹೊರಗೆ ಚಾಚಿದ್ದರೆ ನಿಮ್ಮ ಅದೃಷ್ಟ. ಎರಡು ದಿನ ಎಣ್ಣೆ, ಸುತ್ತಲೂ ಹೀಟ್ ಗನ್, ಆಮೇಲೆ ವೈಸ್ ಗ್ರಿಪ್. ಬರದಿದ್ದರೆ ತುದಿಯ ಮೇಲೆ ಒಂದು ನಟ್ ಕೂರಿಸಿ ಒಳಗಡೆ ವೆಲ್ಡಿಂಗ್ ಮಾಡಿಸಿ. ಹೊಸ ತಲೆ ಬಂದ ಹಾಗಾಯಿತು, ವೆಲ್ಡಿಂಗಿನ ಬಿಸಿಗೆ ತುಕ್ಕೂ ಸಡಿಲ ಆಗುತ್ತದೆ. ತುದಿ ತೂತಿನೊಳಗೆ ಸ್ವಲ್ಪ ಇಳಿದಿದ್ದರೂ ಒಳ್ಳೆಯ ವೆಲ್ಡರ್ ಮೇಲಕ್ಕೆ ಬೆಸುಗೆ ಕಟ್ಟಿಕೊಂಡು ಬರುತ್ತಾನೆ, ಕಬ್ಬಿಣದ ಬೆಸುಗೆ ಅಲ್ಯುಮಿನಿಯಂ ಗೋಡೆಗೆ ಹಿಡಿಯುವುದಿಲ್ಲ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ತಪ್ಪದೆ ಬಿಚ್ಚಿ.

ಒಳಗೇ ಸಮವಾಗಿ ಮುರಿದಿದ್ದರೆ ಡ್ರಿಲ್ ಮಾಡಬೇಕು. ಇಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ತೂತು ಹಾಳು. ಮುರಿದ ಮೈ ಸಮ ಇರುವುದಿಲ್ಲ, ಮೊದಲು ಅದನ್ನು ಚಪ್ಪಟೆ ಮಾಡಿ. ಸರಿಯಾಗಿ ನಡುವೆ ಸೆಂಟರ್ ಪಂಚ್ ಹೊಡೆಯಿರಿ. ಸಣ್ಣ ಬಿಟ್ಟಿನಿಂದ ಶುರು ಮಾಡಿ ಹಂತ ಹಂತವಾಗಿ ದೊಡ್ಡದಕ್ಕೆ ಬನ್ನಿ. ಎಡಕ್ಕೆ ಕೊರೆಯುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ತನ್ನಿ, ಕೊರೆಯುವಾಗಲೇ ತುಂಡು ತಿರುಗಿ ಹೊರಗೆ ಬರುವುದುಂಟು. ಕೊನೆಯ ಅಳತೆ 6 ಮಿಲಿಮೀಟರ್ ಬೋಲ್ಟಿಗೆ 5, 8ರದ್ದಕ್ಕೆ 6.8, 10ರದ್ದಕ್ಕೆ 8.5. ಇವು ಮಾಮೂಲಿ ದಪ್ಪ ಥ್ರೆಡ್ಡಿನ ಲೆಕ್ಕ. ಕೊರೆತ ನಡುವೆ ಬಂದಿದ್ದರೆ ಉಳಿಯುವುದು ಥ್ರೆಡ್ಡಿನ ಚರ್ಮ ಮಾತ್ರ. ಅದನ್ನು ಸೂಜಿಯಿಂದ ಕಿತ್ತು, ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಸ್ವಚ್ಛ ಮಾಡಿ.

ಈಸಿ ಔಟ್ ಬಗ್ಗೆ ಕೇಳುತ್ತಾರೆ. ಮುರಿದ ಬೋಲ್ಟಿನ ತೂತಿಗೆ ಹಾಕಿ ಎಡಕ್ಕೆ ತಿರುಗಿಸುವ ಉಪಕರಣ. ತಲೆ ಹಾರಿದ ದಪ್ಪ ಬೋಲ್ಟಿಗೆ ಸರಿ. 6 ಮಿಲಿಮೀಟರಿನ ಜಾಮ್ ಸ್ಟಡ್ಡಿಗೆ ನಾನು ಬೇಡ ಅನ್ನುತ್ತೇನೆ. ದಪ್ಪ ಬೋಲ್ಟನ್ನೇ ಮುರಿದ ತುಕ್ಕು ಅದಕ್ಕಿಂತ ಸಣ್ಣ ಕಡ್ಡಿಗೆ ಬಗ್ಗುತ್ತದಾ? ಈಸಿ ಔಟ್ ಗಡುಸು ಉಕ್ಕಿನದು, ಬಾಗದೆ ಪಟ್ಟನೆ ಮುರಿಯುತ್ತದೆ. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಈ ಹಂತಕ್ಕೆ ಬಂದಾಗ ಮನೆಯಲ್ಲಿ ಡ್ರಿಲ್ ಸ್ಟ್ಯಾಂಡ್ ಇಲ್ಲದಿದ್ದರೆ ಹೆಡ್ ಬಿಚ್ಚಿ ಲೇತ್ ವರ್ಕ್ಸ್‌ಗೆ ಕೊಡಿ. ನಮ್ಮ ಕಡೆಯವರಿಗೆ ಅದರಲ್ಲಿ ಭಾಗ್ಯ ಇದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ್ದು. ಕಾರ್ಖಾನೆ ನಿಂತಿತು, ಕೈಕೆಲಸ ಬಲ್ಲವರು ಹರಿಹರ, ದಾವಣಗೆರೆಯಲ್ಲಿ ಇನ್ನೂ ಇದ್ದಾರೆ. ಥ್ರೆಡ್ ಹೋದ ತೂತಿಗೆ ಹೆಲಿಕಾಯಿಲ್ ಹಾಕಿಸಿ. ಅದು ಉಕ್ಕಿನ ಸುರುಳಿ, ಅಲ್ಯುಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕೋಣ ಅಂದರೆ ಒಪ್ಪಬೇಡಿ. ಸುತ್ತಲಿನ ಗೋಡೆ ತೆಳುವಾಗುತ್ತದೆ, ಮುಂದಿನ ಸಲ ರಿಪೇರಿಗೆ ಜಾಗವೇ ಇರುವುದಿಲ್ಲ.

ಬ್ರೇಕಿನ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲಿನೊಳಗಿನ ಗಾಳಿ ಹೊರಬಿಡುವ ಸ್ಕ್ರೂ) ಬಗ್ಗೆಯೂ ಹೇಳಬೇಕು. ಅದರ ನಡುವೆ ತೂತು ಇರುವುದರಿಂದ ಕೈ ಬಲಕ್ಕೇ ಕಟ್ ಆಗುತ್ತದೆ. ಎಣ್ಣೆ, ಹಗುರ ಏಟು, ಆರು ಮೂಲೆಯ ಸಾಕೆಟ್, ಇಷ್ಟರಲ್ಲಿ ಬರದಿದ್ದರೆ ಬಲ ಹಾಕದೆ ಬ್ರೇಕ್ ಕೆಲಸ ಬಲ್ಲವರಿಗೆ ಒಪ್ಪಿಸಿ.

ಮತ್ತೆ ಜೋಡಿಸುವಾಗ

ಹಳೇ ಥ್ರೆಡ್ಡಿಗೆ ಟ್ಯಾಪ್, ಬೋಲ್ಟಿಗೆ ಡೈ (ಬೋಲ್ಟಿನ ಮೇಲೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ತುಕ್ಕು ತೆಗೆಯಿರಿ. ಟ್ಯಾಪನ್ನೂ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತುಕ್ಕು ತಿಂದು ಸಣ್ಣಗಾದ ಬೋಲ್ಟ್ ಮತ್ತೆ ಹಾಕಬೇಡಿ.

ಸೈಲೆನ್ಸರ್ ಸ್ಟಡ್ಡಿಗೆ ತಾಮ್ರದ ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಜಾಮ್ ಆಗದಂತೆ ತಡೆಯುವ ಲೇಪ) ಸವರಿ, ಸಾಧ್ಯವಾದರೆ ಹಿತ್ತಾಳೆ ನಟ್ ಹಾಕಿ. ಅದು ತುಕ್ಕು ಹಿಡಿದು ಕಬ್ಬಿಣಕ್ಕೆ ಅಂಟುವುದಿಲ್ಲ. ಮಾಮೂಲಿ ಗ್ರೀಸ್ ಅಲ್ಲಿ ಸುಟ್ಟು ಕರಿಯಾಗುತ್ತದೆ, ಅದನ್ನು ಕ್ಯಾರಿಯರ್, ಮಡ್‌ಗಾರ್ಡ್ ಬೋಲ್ಟ್‌ಗಳಿಗೆ ಇಟ್ಟುಕೊಳ್ಳಿ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುವುದರಿಂದ ಎಂದಿನ ಬಲ ಹಾಕಿದರೆ ಬಿಗಿ ಜಾಸ್ತಿ ಆಗುತ್ತದೆ, ಸ್ವಲ್ಪ ಕೈ ಹಿಡಿಯಿರಿ. ಚಕ್ರದ ನಟ್ಟಿಗೆ ಗಾಡಿಯ ಪುಸ್ತಕದಲ್ಲಿ ಹೇಳದ ಹೊರತು ಏನೂ ಹಚ್ಚಬೇಡಿ. ಬ್ರೇಕ್ ಡಿಸ್ಕಿಗೆ ಒಂದು ಹನಿಯೂ ತಾಗಬಾರದು.

ಗೊಬ್ಬರ ಸಾಗಿಸಿದ ದಿನ ಸಂಜೆ ಕ್ಯಾರಿಯರಿಗೆ ಒಂದು ಬಕೆಟ್ ನೀರು ಹಾಕಿ ತೊಳೆಯಿರಿ. ಸೈಲೆನ್ಸರ್ ಜೋಡಿಸಿ ಮೊದಲ ಸಲ ಗಾಡಿ ಓಡಿಸಿದ ಮೇಲೆ ಇಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು ಎರಡೂ ನಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಗ್ಯಾಸ್ಕೆಟ್ ಕೂತುಕೊಳ್ಳುವುದರಿಂದ ಅವು ಸ್ವಲ್ಪ ಸಡಿಲ ಆಗಿರುತ್ತವೆ.